ನಾನ್‌ಜಿಂಗಿನ ಬಿಷಪರೂ ಬಿಕರ್ನಕಟ್ಟೆಯ ಸಮಾಧಿಯೂ

ಮಂಗಳೂರಿನ ನಂತೂರಿನಿಂದ ಕುಲಶೇಖರದ ಕಡೆಗೆ ಹೋಗುವಾಗ ಬಿಕರ್ನಕಟ್ಟೆ ಸಿಗುತ್ತದೆ. ಬಾಲ ಯೇಸುವಿನ ಪುಣ್ಯಕ್ಷೇತ್ರದಿಂದಾಗಿ ಈ ಹೆಸರು ನಮ್ಮ ಸವಣೂರು, ಕಡಬ, ಸುಳ್ಯದ ಕಡೆಯವರಿಗೂ ಪರಿಚಿತ. ಕ್ರಿಶ್ಚಿಯನ್ನರಲ್ಲದವರೂ ಹರಕೆ ಹೊತ್ತು ಅಲ್ಲಿಗೆ ಹೋಗುವುದುಂಟು. ಇದೇ ಬಿಕರ್ನಕಟ್ಟೆಯಲ್ಲಿ 1684ರಲ್ಲಿ ತೀರಿಕೊಂಡ ಬಿಷಪರೊಬ್ಬರನ್ನು ಸಮಾಧಿ ಮಾಡಲಾಯಿತು. ಹೆಸರು ತೋಮಸ್ ದೆ ಕಾಸ್ತ್ರೊ. ಹೆಸರು ಕೇಳಿದರೆ ಪೋರ್ಚುಗಲ್‌ನವರು ಅನಿಸುತ್ತದೆ. ಆದರೆ ಅವರು ಗೋವಾದ ಕೊಂಕಣಿ ಮನೆತನದವರು. ಕೆನರಾ ಅಂದರೆ ನಮ್ಮ ಕರಾವಳಿಯ ಕ್ಯಾಥೊಲಿಕರಿಗಾಗಿಯೇ ಪೋಪರು ನೇಮಿಸಿದ ಬಿಷಪರು.

ಅವರು ತೀರಿಕೊಂಡ ಒಂಬತ್ತು ತಿಂಗಳ ನಂತರ, 1685ರ ಏಪ್ರಿಲ್ 8ರಂದು, ಚೀನಾದ ಕ್ಯಾಂಟನ್ ಪಟ್ಟಣದಲ್ಲಿ ಲುವೊ ವೆನ್‌ಝಾವೊ ಎಂಬ ಚೀನೀ ಪಾದ್ರಿಗೆ ಬಿಷಪ್ ದೀಕ್ಷೆಯಾಯಿತು. ಅವರಿಗೆ ಒಪ್ಪಿಸಿದ ಕ್ಷೇತ್ರದ ಹೆಸರು ನಾನ್‌ಜಿಂಗ್. ಚೀನೀ ಭಾಷೆಯಲ್ಲಿ ಆ ಹೆಸರಿಗೆ ದಕ್ಷಿಣದ ರಾಜಧಾನಿ ಎಂದೇ ಅರ್ಥ. ಬೀಜಿಂಗ್ ಅಂದರೆ ಉತ್ತರದ ರಾಜಧಾನಿ. ಮಿಂಗ್ ಅರಸರು 1368ರಲ್ಲಿ ರಾಜ್ಯ ಕಟ್ಟಿದಾಗ ನಾನ್‌ಜಿಂಗ್ ಅವರ ರಾಜಧಾನಿಯಾಗಿತ್ತು. 1421ರಲ್ಲಿ ಆಸ್ಥಾನ ಬೀಜಿಂಗಿಗೆ ಹೋಯಿತು, ಹೆಸರು ಮಾತ್ರ ಉಳಿಯಿತು.

ಈ ಇಬ್ಬರನ್ನೂ ನೇಮಿಸಿದವರು ಒಬ್ಬರೇ ಪೋಪ್, ಹತ್ತನೇ ಕ್ಲೆಮೆಂಟ್. ನೇಮಿಸಿದ್ದು 1670ರ ದಶಕದ ನಡುವಿನ ಒಂದೆರಡು ವರ್ಷಗಳ ಅಂತರದಲ್ಲಿ. ಇಬ್ಬರೂ ಏಷ್ಯಾದ ಮಣ್ಣಿನಲ್ಲಿ ಹುಟ್ಟಿದವರು. ಇಬ್ಬರ ದಾರಿಗೂ ಅಡ್ಡ ಬಂದದ್ದು ಒಂದೇ ಪ್ರಶ್ನೆ: ಬಿಷಪರನ್ನು ನೇಮಿಸುವ ಹಕ್ಕು ಯಾರದು, ಮತ್ತು ನಾಡಿನವನೇ ಒಬ್ಬ ಬಿಷಪ್ ಆಗಬಹುದೇ? ನಮ್ಮ ಕರಾವಳಿಯ ಕ್ಯಾಥೊಲಿಕರ ಕಥೆಯನ್ನು ಗೋವಾದಿಂದ ವಲಸೆ, ಟಿಪ್ಪುವಿನ ಕಾಲದ ಸೆರೆ, ಆಮೇಲೆ ಶಾಲೆ-ಆಸ್ಪತ್ರೆ ಎಂದು ಮೂರು ಮೆಟ್ಟಿಲಲ್ಲಿ ಹೇಳಿ ಮುಗಿಸುವುದು ರೂಢಿ. ಅದರಲ್ಲಿ ಈ ಪ್ರಶ್ನೆಗೆ ಜಾಗವೇ ಇಲ್ಲ. ನಾನ್‌ಜಿಂಗಿನ ಪಕ್ಕದಲ್ಲಿಟ್ಟು ನೋಡಿದಾಗ ಅದು ಎದ್ದು ಕಾಣುತ್ತದೆ ಎಂಬುದು ನಮ್ಮ ಅನಿಸಿಕೆ.

ಮೊಕ್ತೇಸರರು ಯಾರು?

ಈ ಜಗಳ ಅರ್ಥವಾಗಬೇಕಾದರೆ ನಮ್ಮ ಊರಿನ ದೇವಸ್ಥಾನಗಳನ್ನೇ ನೆನಪು ಮಾಡಿಕೊಂಡರೆ ಸಾಕು. ದೇವಸ್ಥಾನ ಕಟ್ಟಿಸಿ ಉಂಬಳಿ ಬಿಟ್ಟ ಮನೆತನದವರು ಆನುವಂಶಿಕ ಮೊಕ್ತೇಸರರು. ಆಡಳಿತ ನಮ್ಮದೇ ಎನ್ನುತ್ತಾರೆ. ಇನ್ನೊಂದು ಕಡೆಯಿಂದ ದತ್ತಿ ಇಲಾಖೆ ವ್ಯವಸ್ಥಾಪನಾ ಸಮಿತಿಯನ್ನು ನೇಮಿಸುತ್ತದೆ. ಎರಡೂ ಕಡೆಯವರ ಕೈಯಲ್ಲಿ ಕಾಗದಗಳಿರುತ್ತವೆ. ನಡುವೆ ಸಿಕ್ಕಿಬೀಳುವವರು ಜಾತ್ರೆಗೆ ಬರುವ ಊರವರು.

ಪೋರ್ಚುಗಲ್‌ನ ರಾಜ ಪೂರ್ವದೇಶಗಳ ಇಗರ್ಜಿಗಳಿಗೆ ಇಂಥದೇ ಮೊಕ್ತೇಸರ. ಹಡಗು ಕೊಟ್ಟು, ಪಾದ್ರಿಗಳ ಖರ್ಚು ನೋಡಿಕೊಂಡು, ಇಗರ್ಜಿ ಕಟ್ಟಿಸುವುದು ಅವನ ಹೊಣೆ. ಅದಕ್ಕೆ ಬದಲಾಗಿ ಬಿಷಪ್ ಯಾರಾಗಬೇಕೆಂದು ಹೆಸರು ಸೂಚಿಸುವ ಹಕ್ಕು ಅವನದು. ಪೋಪರುಗಳೇ ಹಿಂದೆ ಕೊಟ್ಟಿದ್ದ ಈ ಹಕ್ಕಿಗೆ ಪದ್ರುವಾದೊ ಎಂದು ಹೆಸರು. ಅದರ ಕೇಂದ್ರ ಗೋವಾ.

ಹದಿನೇಳನೇ ಶತಮಾನದ ಹೊತ್ತಿಗೆ ಪೋರ್ಚುಗಲ್‌ನ ಬಲ ಕುಗ್ಗುತ್ತಾ ಬಂತು. ಡಚ್ಚರು ಒಂದೊಂದೇ ಬಂದರನ್ನು ಕಸಿದುಕೊಂಡರು. ನಮ್ಮ ಕರಾವಳಿಯಲ್ಲಿ ಕೆಳದಿಯ ಶಿವಪ್ಪ ನಾಯಕ 1650ರ ದಶಕದ ಮೊದಲ ವರ್ಷಗಳಲ್ಲಿ ಹೊನ್ನಾವರ, ಬಸ್ರೂರು, ಮಂಗಳೂರಿನ ಕೋಟೆಗಳಿಂದ ಪೋರ್ಚುಗೀಸರನ್ನು ಹೊರಹಾಕಿದ. ಕೋಟೆ ಹೋದ ಮೇಲೂ ಇಗರ್ಜಿಯ ಮೇಲಿನ ಹಕ್ಕು ಉಳಿಯುತ್ತದೆಯೇ? ರೋಮಿನವರು ಕೇಳಿದ್ದು ಇದನ್ನೇ. 1622ರಲ್ಲಿ ಅವರು ಪ್ರೊಪಗಾಂಡ ಫೀದೆ ಎಂಬ ಕಚೇರಿಯನ್ನು ತೆರೆದಿದ್ದರು. ದೂರದೇಶಗಳ ಧರ್ಮಕಾರ್ಯವನ್ನು ರಾಜರ ಕೈಯಿಂದ ಬಿಡಿಸಿ ನೇರವಾಗಿ ನೋಡಿಕೊಳ್ಳುವುದು ಅದರ ಕೆಲಸ.

ಆದರೆ ರಾಜನ ಒಪ್ಪಿಗೆಯಿಲ್ಲದೆ ಹೊಸ ಧರ್ಮಪ್ರಾಂತ್ಯ ಮಾಡುವುದು ಕಷ್ಟ. ಅದಕ್ಕೆ ರೋಮ್ ಒಂದು ಉಪಾಯ ಕಂಡುಕೊಂಡಿತು. ಎಂದೋ ಹಾಳುಬಿದ್ದು ಹೆಸರು ಮಾತ್ರ ಉಳಿದ ಹಳೆಯ ಊರೊಂದರ ಬಿಷಪ್ ಎಂದು ಒಬ್ಬರಿಗೆ ಪದವಿ ಕೊಡುವುದು. ಆಮೇಲೆ ಪೋಪರ ಪ್ರತಿನಿಧಿಯೆಂದು ಬೇರೆ ನಾಡಿಗೆ ಕಳಿಸುವುದು. ಹೀಗೆ ಹೋದವರು ವಿಕಾರ್ ಅಪೊಸ್ತೋಲಿಕ್. ಕಾಗದದಲ್ಲಿ ಧರ್ಮಪ್ರಾಂತ್ಯ ಇಲ್ಲ, ಕೆಲಸ ಮಾತ್ರ ಬಿಷಪರದ್ದೇ. ನಾನ್‌ಜಿಂಗಿಗೂ ಕೆನರಾಕ್ಕೂ ಬಂದದ್ದು ಈ ಪದವಿ.

ನಾಡಿನ ಹುಡುಗರು ಎಷ್ಟು ಓದಬಹುದು?

ಚೀನಾ ಮತ್ತು ಗೋವಾ ಎರಡನ್ನೂ ಬಲ್ಲ ಒಬ್ಬರು ಈ ಪ್ರಶ್ನೆಯನ್ನು ಬಹಳ ಮೊದಲೇ ಎತ್ತಿದ್ದರು. ಅವರು ಇಟಲಿಯ ಮತ್ತೆಯೊ ರಿಚ್ಚಿ. ಮುಂದೆ 1599ರಲ್ಲಿ ನಾನ್‌ಜಿಂಗಿನಲ್ಲಿ ನೆಲೆಸಿ, 1601ರಲ್ಲಿ ಬೀಜಿಂಗ್ ಸೇರಿ, ಚೀನಾದ ಜೆಸ್ವಿಟರ ಮುಖ್ಯಸ್ಥರಾಗಿ 1610ರಲ್ಲಿ ಅಲ್ಲೇ ತೀರಿಕೊಂಡವರು. ಚೀನಾಕ್ಕೆ ಹೋಗುವ ಮೊದಲು, 1578ರಿಂದ 1582ರವರೆಗೆ, ಅವರು ಗೋವಾ ಮತ್ತು ಕೊಚ್ಚಿಯಲ್ಲಿದ್ದರು. ಗುರುದೀಕ್ಷೆ ಪಡೆದದ್ದೂ ಕೊಚ್ಚಿಯಲ್ಲೇ, 1580ರಲ್ಲಿ.

ಗೋವಾದ ಜೆಸ್ವಿಟ್ ಕಾಲೇಜಿನಲ್ಲಿ ಆ ಹೊತ್ತಿಗೆ ಒಂದು ಹೊಸ ನಿಯಮ ಬಂದಿತ್ತು. ಭಾರತೀಯ ಹುಡುಗರಿಗೆ ತತ್ವಶಾಸ್ತ್ರ ಮತ್ತು ದೇವಶಾಸ್ತ್ರದ ಮೇಲಿನ ತರಗತಿಗಳು ಬೇಡ, ಹೆಚ್ಚು ಓದಿದರೆ ಅಹಂಕಾರ ಬರುತ್ತದೆ, ಸಣ್ಣ ಇಗರ್ಜಿಗಳಲ್ಲಿ ಕೆಲಸ ಮಾಡಲು ಒಪ್ಪುವುದಿಲ್ಲ ಎಂಬ ವಾದ. 1581ರಲ್ಲಿ ರಿಚ್ಚಿ ರೋಮಿನ ಹಿರಿಯರಿಗೆ ಕಾಗದ ಬರೆದು ಇದನ್ನು ವಿರೋಧಿಸಿದರು. ಅಹಂಕಾರದ ಮಾತನ್ನು ಯುರೋಪಿನ ವಿದ್ಯಾರ್ಥಿಗಳಿಗೂ ಅನ್ವಯಿಸಬಹುದಲ್ಲ, ಅಲ್ಲಿ ಯಾರೂ ಅವರ ಓದು ನಿಲ್ಲಿಸುವುದಿಲ್ಲವಲ್ಲ ಎಂಬುದು ಅವರ ತರ್ಕ. ಆಗ ಅವರಿಗೆ ವಯಸ್ಸು ಇಪ್ಪತ್ತೊಂಬತ್ತು.

ಅವರ ಮಾತು ಗೋವಾದಲ್ಲಿ ನಡೆಯಲಿಲ್ಲ. ಗೋವಾದ ದಿವಾಡಿ ದ್ವೀಪದ ಮತೆಯುಸ್ ದೆ ಕಾಸ್ತ್ರೊ ಎಂಬ ಯುವಕನಿಗೆ ಊರಲ್ಲಿ ಗುರುದೀಕ್ಷೆ ಸಿಗಲಿಲ್ಲ. ಅವನು ರೋಮಿಗೇ ಹೋದ. ಅಲ್ಲಿ ಓದಿ ಪಾದ್ರಿಯಾದ. 1637ರಲ್ಲಿ ಬಿಷಪನೂ ಆದ. ಲ್ಯಾಟಿನ್ ಪದ್ಧತಿಯ ಮೊದಲ ಭಾರತೀಯ ಬಿಷಪ್ ಇವರೇ. ಗೋವಾದ ಅಧಿಕಾರಿಗಳು ಅವರನ್ನು ಬಿಷಪ್ ಎಂದು ಒಪ್ಪಲೇ ಇಲ್ಲ. ರೋಮ್ ಅವರಿಗೆ ಒಪ್ಪಿಸಿದ್ದು ಬಿಜಾಪುರದ ಆದಿಲ್‌ಶಾಹಿ ರಾಜ್ಯವನ್ನು. ಬಿಕರ್ನಕಟ್ಟೆಯಲ್ಲಿ ಮಲಗಿರುವ ತೋಮಸ್ ದೆ ಕಾಸ್ತ್ರೊ ಇವರ ಬಂಧು.

ಫೂಜಿಯನ್‌ನಿಂದ ನಾನ್‌ಜಿಂಗಿಗೆ

ಲುವೊ ವೆನ್‌ಝಾವೊ ಹುಟ್ಟಿದ್ದು ದಕ್ಷಿಣ ಚೀನಾದ ಫೂಜಿಯನ್ ಪ್ರಾಂತ್ಯದ ಫುಆನ್‌ನಲ್ಲಿ, 1616ರ ಆಸುಪಾಸು. ಯುವಕನಾಗಿದ್ದಾಗ ಫ್ರಾನ್ಸಿಸ್ಕನ್ ಸನ್ಯಾಸಿಯೊಬ್ಬರಿಂದ ದೀಕ್ಷಾಸ್ನಾನ ಪಡೆದು, ಸ್ಪೇನಿನ ಪಾದ್ರಿಗಳಿಗೆ ಸಹಾಯಕನಾಗಿ ಓಡಾಡಿದ. ಡೊಮಿನಿಕನ್ ಸಭೆ ಸೇರಿ ಮನಿಲಾದಲ್ಲಿ ಓದಿದ. 1654ರಲ್ಲಿ ಅಲ್ಲೇ ಗುರುದೀಕ್ಷೆಯಾಯಿತು. ಹೊರಗಿನವರು ಅವರನ್ನು ಕರೆದದ್ದು ಗ್ರೆಗೊರಿಯೊ ಲೋಪೆಜ್ ಎಂದು.

1665ರ ಹೊತ್ತಿಗೆ ಚೀನೀ ಸರ್ಕಾರ ಪರದೇಶಿ ಪಾದ್ರಿಗಳ ಮೇಲೆ ತಿರುಗಿಬಿತ್ತು. ಬೀಜಿಂಗಿನಲ್ಲಿದ್ದ ಕೆಲವರನ್ನು ಬಿಟ್ಟು ಉಳಿದವರನ್ನೆಲ್ಲ ಕ್ಯಾಂಟನ್‌ಗೆ ಸಾಗಿಸಿ ಕೂಡಿಹಾಕಿದರು. ಲುವೊ ನೋಡಲು ಊರವರಂತೆಯೇ ಇದ್ದರು, ಮಾತೂ ಊರಿನದೇ. ಅವರನ್ನು ಯಾರೂ ತಡೆಯಲಿಲ್ಲ. ಪ್ರಾಂತ್ಯದಿಂದ ಪ್ರಾಂತ್ಯಕ್ಕೆ ಸುತ್ತಿ ಪೂಜೆ ಮಾಡಿಸಿ, ದೀಕ್ಷಾಸ್ನಾನ ಕೊಟ್ಟು, ಬೇರೆ ಬೇರೆ ಸಭೆಗಳ ಪಾದ್ರಿಗಳು ಬಿಟ್ಟುಹೋದ ಕ್ರಿಶ್ಚಿಯನ್ನರನ್ನೆಲ್ಲ ಕೆಲವು ವರ್ಷ ನೋಡಿಕೊಂಡವರು ಈ ಒಬ್ಬ ಮನುಷ್ಯ. ನಾಡಿನ ಪಾದ್ರಿಗಳು ಯಾಕೆ ಬೇಕು ಎಂಬ ಪ್ರಶ್ನೆಗೆ ಇದಕ್ಕಿಂತ ನೇರ ಉತ್ತರ ಸಿಗುವುದು ಕಷ್ಟ.

ಫ್ರಾನ್ಸಿನ ಬಿಷಪ್ ಫ್ರಾಂಸ್ವಾ ಪಲ್ಲು ರೋಮಿನಲ್ಲಿ ಲುವೊ ಅವರ ಪರವಾಗಿ ಮಾತಾಡಿದರು. 1674ರ ಜನವರಿಯಲ್ಲಿ ಲುವೊ ನಾನ್‌ಜಿಂಗಿನ ವಿಕಾರ್ ಅಪೊಸ್ತೋಲಿಕ್ ಎಂದು ನೇಮಕವಾಯಿತು. ಆದರೆ ದೀಕ್ಷೆಯಾಗಲು ಹನ್ನೊಂದು ವರ್ಷ ಹಿಡಿಯಿತು. ಮೊದಲಿಗೆ ಅವರೇ ನನಗೆ ಆ ಯೋಗ್ಯತೆ ಇಲ್ಲ ಎಂದರು. ಆಮೇಲೆ ಮನಿಲಾದಲ್ಲಿದ್ದ ಅವರದೇ ಸಭೆಯ ಮೇಲಿನವರು ತಡೆದರು. 1679ರಲ್ಲಿ ಹನ್ನೊಂದನೇ ಇನ್ನೊಸೆಂಟ್ ಪೋಪರು ಮತ್ತೊಮ್ಮೆ ಆಜ್ಞೆ ಹೊರಡಿಸಬೇಕಾಯಿತು. ಕೊನೆಗೆ 1685ರಲ್ಲಿ ಇಟಲಿಯ ಬಿಷಪ್ ಬೆರ್ನಾರ್ದಿನೊ ದೆಲ್ಲಾ ಕಿಯೇಸಾ ಕ್ಯಾಂಟನ್‌ನಲ್ಲಿ ದೀಕ್ಷೆ ಕೊಟ್ಟರು. 1688ರಲ್ಲಿ ಲುವೊ ತಾವೇ ಮೂವರು ಚೀನೀಯರಿಗೆ ಗುರುದೀಕ್ಷೆ ನೀಡಿದರು. ಅವರಲ್ಲಿ ಒಬ್ಬರು ಚೀನಾದ ಹೆಸರಾಂತ ಚಿತ್ರಕಾರ, ಕವಿ ವು ಲಿ.

ಅಕ್ಕಿಯ ನಾಡಿಗೆ ಬಂದ ಬಿಷಪ್

ಈಗ ನಮ್ಮ ಕರಾವಳಿಗೆ ಬರೋಣ. ತೋಮಸ್ ದೆ ಕಾಸ್ತ್ರೊ ಥಿಯಾಟಿನ್ ಎಂಬ ಸಭೆಗೆ ಸೇರಿದವರು. ಕೆನರಾದ ವಿಕಾರ್ ಅಪೊಸ್ತೋಲಿಕ್ ಎಂದು ಅವರು ಬಂದಾಗ ಇಲ್ಲಿ ಕೆಳದಿಯ ರಾಣಿ ಚೆನ್ನಮ್ಮನ ಆಳ್ವಿಕೆ. ಪೋರ್ಚುಗೀಸರ ಕೋಟೆಗಳಿಲ್ಲ, ಆಡಳಿತವಿಲ್ಲ. ಆದ್ದರಿಂದ ಪದ್ರುವಾದೊ ಹಕ್ಕು ಇಲ್ಲಿ ನಡೆಯುವುದಿಲ್ಲ ಎಂಬುದು ರೋಮಿನ ನಿಲುವು.

ಗೋವಾದ ಆರ್ಚ್‌ಬಿಷಪರು ಒಪ್ಪಲಿಲ್ಲ. ಅದಕ್ಕೆ ಧರ್ಮದ ಕಾರಣದ ಜೊತೆಗೆ ಅನ್ನದ ಕಾರಣವೂ ಇತ್ತು. ಗೋವಾ ಊಟ ಮಾಡುತ್ತಿದ್ದದ್ದು ಕೆನರಾದ ಅಕ್ಕಿಯನ್ನು. ಬಸ್ರೂರು, ಮಂಗಳೂರಿನ ಬಂದರುಗಳಿಂದ ಅಕ್ಕಿಯ ಹಡಗು ಹೋಗದಿದ್ದರೆ ಅಲ್ಲಿ ಬರಗಾಲ. ಯುದ್ಧದಲ್ಲಿ ಕಳೆದುಕೊಂಡದ್ದನ್ನು ಪೋರ್ಚುಗೀಸರು ಮಾತುಕತೆಯಲ್ಲಿ ಪಡೆಯಲು ನೋಡಿದರು. 1678ರಲ್ಲಿ ಚೆನ್ನಮ್ಮನ ಜೊತೆ ಆದ ಒಪ್ಪಂದದಲ್ಲಿ ವ್ಯಾಪಾರದ ಜೊತೆಗೆ ಮಿರ್ಜಾನ್, ಹೊನ್ನಾವರ, ಚಂದಾವರ, ಭಟ್ಕಳ, ಕಲ್ಯಾಣಪುರಗಳಲ್ಲಿ ಇಗರ್ಜಿ ಕಟ್ಟಲು ಅನುಮತಿಯೂ ಸೇರಿತ್ತು. ಇಂಥ ಹೊತ್ತಿನಲ್ಲಿ ತಮ್ಮ ಮಾತು ಕೇಳದ ಬಿಷಪ್ ಒಬ್ಬರು ಕೆನರಾದಲ್ಲಿ ಕೂತಿರುವುದು ಗೋವಾಕ್ಕೆ ಬೇಕಿರಲಿಲ್ಲ.

ಪರಿಣಾಮ ಊರವರ ಮೇಲಾಯಿತು. ಕ್ಯಾಥೊಲಿಕರು ಎರಡು ಪಂಗಡವಾದರು. ಒಂದು ಪಂಗಡ ಗೋವಾದ ಪಾದ್ರಿಗಳ ಕಡೆ, ಇನ್ನೊಂದು ಬಿಷಪ್ ತೋಮಸರ ಕಡೆ. ಒಬ್ಬರು ಇನ್ನೊಬ್ಬರಿಗೆ ಬಹಿಷ್ಕಾರ ಹಾಕಿದರು. ಎದುರು ಪಂಗಡದ ಪಾದ್ರಿಯಿಂದ ಸಂಸ್ಕಾರ ಪಡೆಯಬಾರದು ಎಂದು ಎರಡೂ ಕಡೆಯಿಂದ ಕಟ್ಟಪ್ಪಣೆ. ಒಂದು ಮನೆಯಲ್ಲಿ ಮಗು ಹುಟ್ಟಿದರೆ, ಮದುವೆ ಗೊತ್ತಾದರೆ, ಮುದುಕರೊಬ್ಬರು ಕೊನೆಯುಸಿರಲ್ಲಿದ್ದರೆ, ಯಾವ ಪಾದ್ರಿಯನ್ನು ಕರೆಯಬೇಕು? ತಪ್ಪಾದ ಪಾದ್ರಿ ಬಂದರೆ ಆ ಸಂಸ್ಕಾರವೇ ಸಲ್ಲುವುದಿಲ್ಲ ಎಂಬ ಭಯ. ರೋಮಿನ ಮತ್ತು ಲಿಸ್ಬನ್ನಿನ ಕಾಗದಗಳ ಜಗಳ ಕೊನೆಗೆ ಬಂದು ನಿಂತದ್ದು ಈ ಮನೆಗಳ ಅಂಗಳದಲ್ಲಿ.

ಗೋವಾದ ಆರ್ಚ್‌ಬಿಷಪರು 1681ರಲ್ಲಿ ಕೆನರಾಕ್ಕೆ ತಮ್ಮ ಪ್ರತಿನಿಧಿಯನ್ನು ಕಳಿಸಿದರು. ಅವರು ಬೆಣವಲಿಯ ಮೂವತ್ತು ವರ್ಷದ ಪಾದ್ರಿ ಜೋಸೆಫ್ ವಾಜ್. 2015ರ ಜನವರಿ 14ರಂದು ಕೊಲಂಬೊದಲ್ಲಿ ಪೋಪ್ ಫ್ರಾನ್ಸಿಸ್ ಸಂತರೆಂದು ಘೋಷಿಸಿದ ಜೋಸೆಫ್ ವಾಜ್ ಇವರೇ. ಮುಡಿಪುವಿನಲ್ಲಿ ಅವರ ಹೆಸರಿನ ಪುಣ್ಯಕ್ಷೇತ್ರವಿದೆ. ಅವರು ಕೋಲು ಊರಿದ ಕಡೆ ಗುಡ್ಡದಲ್ಲಿ ನೀರಿನ ಒರತೆ ಹುಟ್ಟಿತು ಎಂಬ ಐತಿಹ್ಯವನ್ನು ನಮ್ಮ ಕಡೆಯವರೂ ಹೇಳುತ್ತಾರೆ.

ವಾಜ್ ಬಂದದ್ದು ಬಿಷಪ್ ತೋಮಸರ ಎದುರು ಪಕ್ಷದಿಂದ. ಆದರೂ ಅವರು ಬಹಿಷ್ಕಾರದ ದಾರಿ ಹಿಡಿಯಲಿಲ್ಲ. ಬಿಷಪರನ್ನು ಕಂಡು ಗೌರವದಿಂದ ಮಾತಾಡಿದರು. ಜಗಳ ತೀರ್ಮಾನವಾಗುವ ತನಕ ಜನರ ಸಂಸ್ಕಾರಗಳು ನಿಲ್ಲದಂತೆ ಹೊಂದಿಕೊಂಡು ಹೋಗಲು ನೋಡಿದರು. ಇಗರ್ಜಿ ಸಂಪೂರ್ಣವಾಗಿ ಎರಡಾಗುವುದು ತಪ್ಪಿತು. 1684ರಲ್ಲಿ ತೋಮಸ್ ತೀರಿಕೊಂಡರು. ಅದೇ ವರ್ಷ ವಾಜ್ ಗೋವಾಕ್ಕೆ ಮರಳಿದರು.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ರೋಮಿನ ಕಡೆಯ ಬಿಷಪ್ ಗೋವಾದ ಕೊಂಕಣಿಗ. ಪೋರ್ಚುಗಲ್ ಕಡೆಯ ಪ್ರತಿನಿಧಿಯೂ ಗೋವಾದ ಕೊಂಕಣಿಗ. ಇಬ್ಬರು ಯಜಮಾನರ ಜಗಳಕ್ಕೆ ಎದುರುಬದುರು ನಿಂತವರು ಒಂದೇ ಮಾತಿನವರು. ಆ ಕಾಲದ ಗೋವಾದಲ್ಲಿ ಭಾರತೀಯರನ್ನು ಯುರೋಪಿನ ಸನ್ಯಾಸಿ ಸಭೆಗಳಿಗೆ ಸೇರಿಸಿಕೊಳ್ಳುತ್ತಿರಲಿಲ್ಲ. ಗೋವಾಕ್ಕೆ ಹೋದ ವಾಜ್, ನಾಡಿನ ಪಾದ್ರಿಗಳದೇ ಆದ ಒರೆಟರಿ ಎಂಬ ಸಭೆಯನ್ನು ಕಟ್ಟಿ ನಿಲ್ಲಿಸಿದರು. ಆಮೇಲೆ ಡಚ್ಚರು ಕ್ಯಾಥೊಲಿಕರನ್ನು ಹತ್ತಿಕ್ಕುತ್ತಿದ್ದ ಸಿಲೋನಿಗೆ ಕೂಲಿಯವನ ವೇಷದಲ್ಲಿ ಹೋಗಿ, ಅಲ್ಲೇ ದುಡಿದು 1711ರಲ್ಲಿ ತೀರಿಕೊಂಡರು. ಚೀನಾದಲ್ಲಿ ಲುವೊ ಮಾಡಿದ್ದೂ ಇದನ್ನೇ: ಪರದೇಶಿ ಪಾದ್ರಿ ಕಾಲಿಡಲಾಗದ ಜಾಗದಲ್ಲಿ ಊರವರಂತೆ ನಡೆದಾಡುವುದು. ಕೆನರಾದ ಬಿಷಪರ ಪದವಿ ಲುವೊ ಅವರದ್ದರ ಜೊತೆ ಹೋಲುತ್ತದೆ, ಆದರೆ ಕೆಲಸ ಹೋಲುವುದು ಅವರ ಎದುರಿಗೆ ಬಂದ ವಾಜ್ ಅವರದ್ದು.

245 ವರ್ಷ, 244 ವರ್ಷ

1690ರಲ್ಲಿ ರೋಮ್ ಮತ್ತು ಪೋರ್ಚುಗಲ್ ಚೀನಾದ ವಿಷಯದಲ್ಲಿ ರಾಜಿಯಾದವು. ಬೀಜಿಂಗ್ ಮತ್ತು ನಾನ್‌ಜಿಂಗ್ ಎರಡೂ ಪದ್ರುವಾದೊ ಧರ್ಮಪ್ರಾಂತ್ಯಗಳಾದವು. ಅವುಗಳನ್ನು ಗೋವಾದ ಆರ್ಚ್‌ಬಿಷಪರ ಪ್ರಾಂತ್ಯಕ್ಕೆ ಸೇರಿಸಲಾಯಿತು. ಅಂದರೆ ಚೀನಾದ ಎರಡು ರಾಜಧಾನಿಗಳ ಬಿಷಪರಿಗೂ ಕೆನರಾದ ಹಳ್ಳಿಯ ಪಾದ್ರಿಗೂ ಮೇಲಿನ ಪೀಠ ಒಂದೇ, ಗೋವಾ. ಲುವೊ ಅವರನ್ನೇ ನಾನ್‌ಜಿಂಗಿನ ಬಿಷಪರೆಂದು ಹೆಸರಿಸಿದರು. ಮರುವರ್ಷ, 1691ರ ಫೆಬ್ರವರಿಯಲ್ಲಿ, ಅವರು ನಾನ್‌ಜಿಂಗಿನಲ್ಲಿ ತೀರಿಕೊಂಡರು.

ಅಲ್ಲಿಂದ ಮುಂದೆ ನಾನ್‌ಜಿಂಗಿಗೆ ಇನ್ನೊಬ್ಬ ಚೀನೀ ಬಿಷಪ್ ಬಂದದ್ದು 1936ರಲ್ಲಿ. ಅವರ ಹೆಸರು ಪಾಲ್ ಯು ಪಿನ್. ಆಗ ನಾನ್‌ಜಿಂಗ್ ಮತ್ತೆ ಚೀನಾದ ರಾಜಧಾನಿಯಾಗಿತ್ತು. ನಡುವೆ ಕಳೆದದ್ದು 245 ವರ್ಷ.

ಕೆನರಾದಲ್ಲಿ? 1684ರಲ್ಲಿ ತೋಮಸ್ ತೀರಿಕೊಂಡ ಮೇಲೆ ಗೋವಾದ ಪೋರ್ಚುಗೀಸ್ ಆರ್ಚ್‌ಬಿಷಪರ ಆಡಳಿತ. ಮುಂದೆ ವರಾಪುಳದ ಕಾರ್ಮೆಲೈಟರು, 1845ರಲ್ಲಿ ಮಂಗಳೂರಿಗೆ ಪ್ರತ್ಯೇಕ ವಿಕಾರಿಯೇಟ್, 1878ರ ಕೊನೆಯಲ್ಲಿ ಇಟಲಿಯ ಜೆಸ್ವಿಟರು, 1886ರಲ್ಲಿ ಧರ್ಮಪ್ರಾಂತ್ಯ. ಬಿಷಪರೆಲ್ಲ ಯುರೋಪಿನವರೇ. ಮಂಗಳೂರಿಗೆ ಮೊದಲ ಭಾರತೀಯ ಬಿಷಪ್ ವಲೇರಿಯನ್ ಡಿಸೋಜ ಬಂದದ್ದು 1928ರಲ್ಲಿ. ನಡುವೆ ಕಳೆದದ್ದು 244 ವರ್ಷ.

ಈ ಎರಡು ಸಂಖ್ಯೆ ಹತ್ತಿರ ಬಂದದ್ದು ಆಕಸ್ಮಿಕವಿರಬಹುದು, ಅವುಗಳ ಹಿಂದಿನ ಕಾರಣ ಮಾತ್ರ ಆಕಸ್ಮಿಕವಲ್ಲ. ಹದಿನೇಳನೇ ಶತಮಾನದಲ್ಲಿ ಒಮ್ಮೆ ತೆರೆದ ಬಾಗಿಲು ಎರಡೂ ಕಡೆ ಒಟ್ಟಿಗೆ ಮುಚ್ಚಿತು. ಮತ್ತೆ ತೆರೆದದ್ದೂ ಒಟ್ಟಿಗೆ. ಅದನ್ನು ತೆರೆದವರು ಹನ್ನೊಂದನೇ ಪಿಯುಸ್ ಪೋಪರು. 1923ರಲ್ಲಿ ತೂತ್ತುಕುಡಿಗೆ ಭಾರತೀಯರಾದ ತಿಬುರ್ತಿಯುಸ್ ರೋಚ್ ಬಿಷಪ್ ಆದರು. 1926ರ ಅಕ್ಟೋಬರ್ 28ರಂದು ರೋಮಿನಲ್ಲಿ ಆರು ಮಂದಿ ಚೀನೀಯರಿಗೆ ಪೋಪರೇ ಬಿಷಪ್ ದೀಕ್ಷೆ ಕೊಟ್ಟರು. ಎರಡು ವರ್ಷದ ನಂತರ ಮಂಗಳೂರಿನ ಸರದಿ. ಸಾಮ್ರಾಜ್ಯಗಳ ಕಾಲ ಮುಗಿಯುತ್ತಾ ಬಂದಿದೆ, ಪರದೇಶಿ ಬಿಷಪರನ್ನೇ ನಂಬಿದ ಇಗರ್ಜಿ ಅವುಗಳ ಜೊತೆ ಬಿದ್ದುಹೋದೀತು ಎಂಬುದು ಆಗ ರೋಮಿಗೆ ಅರ್ಥವಾಗಿತ್ತು. 1665ರಲ್ಲಿ ಒಬ್ಬಂಟಿಯಾಗಿ ಪ್ರಾಂತ್ಯಗಳನ್ನು ಸುತ್ತಿದ ಲುವೊ ಆ ಪಾಠವನ್ನು ಆಗಲೇ ಹೇಳಿಕೊಟ್ಟಿದ್ದರು.

ಬಿಷಪರನ್ನು ಯಾರು ನೇಮಿಸಬೇಕು ಎಂಬ ಪ್ರಶ್ನೆ ಚೀನಾದಲ್ಲಿ ಇವತ್ತಿಗೂ ಮುಗಿದಿಲ್ಲ. ರಾಜನ ಜಾಗದಲ್ಲಿ ಈಗ ಅಲ್ಲಿನ ಸರ್ಕಾರ ನಿಂತಿದೆ. 2018ರ ಸೆಪ್ಟೆಂಬರ್‌ನಲ್ಲಿ ವ್ಯಾಟಿಕನ್ ಮತ್ತು ಬೀಜಿಂಗ್ ಈ ಬಗ್ಗೆ ತಾತ್ಕಾಲಿಕ ಒಪ್ಪಂದ ಮಾಡಿಕೊಂಡವು. 2020, 2022, 2024ರಲ್ಲಿ ಅದನ್ನು ಮುಂದುವರಿಸಿದವು. ಒಪ್ಪಂದದ ಪೂರ್ತಿ ಪಠ್ಯವನ್ನು ಎರಡೂ ಕಡೆಯವರು ಪ್ರಕಟಿಸಿಲ್ಲ.

ನಮ್ಮ ಕಡೆ ಆ ಪ್ರಶ್ನೆ ಮುಗಿದು ಬೇರೆ ಕಾಲ ಬಂದಿದೆ. ಕಡಬ, ನೆಲ್ಯಾಡಿ, ಪುತ್ತೂರು, ಸುಳ್ಯದ ಊರುಗಳಲ್ಲಿ ಕೊಂಕಣಿ ಕ್ಯಾಥೊಲಿಕರ ಪಕ್ಕದಲ್ಲೇ ಕೇರಳದಿಂದ ಕೃಷಿಗಾಗಿ ಬಂದ ಸಿರಿಯನ್ ಕ್ಯಾಥೊಲಿಕರಿದ್ದಾರೆ. ಮಂಗಳೂರಿನ ಲ್ಯಾಟಿನ್ ಬಿಷಪರಲ್ಲದೆ, 1999ರಿಂದ ಬೆಳ್ತಂಗಡಿಯಲ್ಲಿ ಸಿರೋ ಮಲಬಾರ್ ಬಿಷಪರಿದ್ದಾರೆ. 2010ರಲ್ಲಿ ಪುತ್ತೂರೇ ಸಿರೋ ಮಲಂಕರ ಧರ್ಮಪ್ರಾಂತ್ಯದ ಕೇಂದ್ರವಾಯಿತು. ಒಂದೇ ಪೇಟೆಯಲ್ಲಿ ಮೂರು ಪದ್ಧತಿಯ ಇಗರ್ಜಿಗಳು, ಮೂವರು ಬಿಷಪರು, ಮೂವರೂ ಈ ದೇಶದವರು. ಯಾರೂ ಯಾರಿಗೂ ಬಹಿಷ್ಕಾರ ಹಾಕುವುದಿಲ್ಲ. 1680ರ ಕೆನರಾದ ಗುರ್ಕಾರರೊಬ್ಬರಿಗೆ ಇದನ್ನು ಹೇಳಿದ್ದರೆ ನಂಬುತ್ತಿದ್ದರೋ ಇಲ್ಲವೋ.

ಕ್ರಿಶ್ಚಿಯನ್ನರ ಬಗ್ಗೆ ಊರಿನಲ್ಲಿ ಮಾತು ಬಂದಾಗ ಪರದೇಶದವರ ಧರ್ಮ ಎಂದು ಒಂದೇ ಮಾತಿನಲ್ಲಿ ಮುಗಿಸುವವರಿದ್ದಾರೆ. ಇನ್ನು ಕೆಲವರಿಗೆ ಆ ಕಾಲದ ಒಡಕನ್ನು ನೆನಪಿಸುವುದೇ ಮುಜುಗರ. ಗ್ರಾಮೀಣ ಪತ್ರಿಕೋದ್ಯಮ ಓದಿದ ನಮಗೆ ಎರಡೂ ಕಡೆಯವರಿಗೆ ಹೇಳಬೇಕಾದ್ದು ಇಷ್ಟು. ಇಗರ್ಜಿಯೊಳಗೆ ನಾಡಿನವರಿಗೆ ಓದು, ದೀಕ್ಷೆ, ಅಧಿಕಾರ ಸಿಗಬೇಕೆಂಬ ಜಗಳ ಸ್ವಾತಂತ್ರ್ಯ ಹೋರಾಟಕ್ಕಿಂತ ಎಷ್ಟೋ ಹಳೆಯದು. ಅದು ಗೋವಾ, ಬಿಜಾಪುರ, ಮಂಗಳೂರು, ಕ್ಯಾಂಟನ್, ನಾನ್‌ಜಿಂಗ್‌ಗಳಲ್ಲಿ ಒಂದೇ ಕಾಲಕ್ಕೆ ನಡೆದಿದೆ. ಲುವೊ ಅವರನ್ನು ಮೊದಲ ಚೀನೀ ಬಿಷಪ್ ಎಂದು ಚೀನಾದ ಚರಿತ್ರೆ ಹೆಮ್ಮೆಯಿಂದ ನೆನೆಯುತ್ತದೆ. ನಮ್ಮಲ್ಲಿ ವಾಜ್ ಸಂತರಾದರು, ಅದು ಸಲ್ಲಬೇಕಾದದ್ದೇ. ತೋಮಸ್ ದೆ ಕಾಸ್ತ್ರೊ ಮಾತ್ರ ಒಡಕು ತಂದವರು ಎಂಬ ಒಂದು ಸಾಲಿನಲ್ಲೇ ಉಳಿದರು. ಅದೇ ಪೋಪರು ಅದೇ ಪದವಿ ಕೊಟ್ಟು ನಾನ್‌ಜಿಂಗಿಗೆ ನೇಮಿಸಿದ ಮನುಷ್ಯನ ಪಕ್ಕದಲ್ಲಿ ಅವರ ಹೆಸರನ್ನೂ ಬರೆದಿಟ್ಟರೆ ಆ ಒಂದು ಸಾಲು ಸಾಲದು ಎಂದು ಯಾರಿಗಾದರೂ ತಿಳಿದೀತು.